ನಾಲ್ಕಕ್ಷರದ ಆಯ್ಕೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ಮನೆಗೆ ಬಂದವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಬಂತು? ಮುಂದೇನು ತಗೋತಾಳೆ? ಮೊದಲನೆಯದಕ್ಕೆ ಹುಡುಗಿಯೇ ಉತ್ತರ ಕೊಡುತ್ತಾಳೆ, 625ಕ್ಕೆ ಇಷ್ಟು ಅಂತ. ಎರಡನೆಯದಕ್ಕೆ ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, ಟ್ಯೂಷನ್ ಮೇಷ್ಟ್ರು, ಬೆಂಗಳೂರಿನ ಕಂಪನಿಯಲ್ಲಿರುವ ಪಕ್ಕದ ಮನೆ ಹುಡುಗ ಎಲ್ಲರೂ ಉತ್ತರ ಹೇಳಿ ಮುಗಿಸಿರುತ್ತಾರೆ. ಜಾಸ್ತಿ ಬಂದಿದ್ದರೆ ಸೈನ್ಸ್, ಸುಮಾರಾಗಿದ್ದರೆ ಕಾಮರ್ಸ್, ಕಮ್ಮಿಯಾಗಿದ್ದರೆ ಆರ್ಟ್ಸ್. ಅಂಕ ನೋಡಿ ವಿಭಾಗ ಹಂಚುವ ಈ ಪದ್ಧತಿಯನ್ನು ಯಾವ ಇಲಾಖೆಯೂ ಆದೇಶ ಹೊರಡಿಸಿ ಜಾರಿಗೆ ತಂದಿಲ್ಲ. ಆದರೂ ಚಾಚೂ ತಪ್ಪದೆ ಪಾಲನೆಯಾಗುತ್ತಿದೆ.

ಈ ಪೇಚಿಗೆ ಮೊದಲ ಸಲ ಸಿಕ್ಕಿಕೊಂಡಿರುವ ಅಪ್ಪ ಅಮ್ಮಂದಿರಿಗಾಗಿ ಚೌಕಟ್ಟನ್ನು ಹೇಳಿಬಿಡುತ್ತೇನೆ. ಕರ್ನಾಟಕದ ಪಿಯುಸಿಯಲ್ಲಿ ಆರು ವಿಷಯ, ತಲಾ 100 ಅಂಕ, ಒಟ್ಟು 600. ಅದರಲ್ಲಿ ಎರಡು ಭಾಷೆ, ಉಳಿದ ನಾಲ್ಕು ಐಚ್ಛಿಕ ವಿಷಯ. ಆ ನಾಲ್ಕರ ಗುಂಪಿಗೇ ಕಾಂಬಿನೇಷನ್ ಎನ್ನುತ್ತಾರೆ, ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಜೋಡಿಸಿ ಕರೆಯುತ್ತಾರೆ. ಪಿಸಿಎಂಬಿ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಕೊನೆಯಲ್ಲಿ ಸಿ ಬಂದರೆ ಕಂಪ್ಯೂಟರ್ ಸೈನ್ಸ್, ಇ ಬಂದರೆ ಎಲೆಕ್ಟ್ರಾನಿಕ್ಸ್, ಎಸ್ ಬಂದರೆ ಸಂಖ್ಯಾಶಾಸ್ತ್ರ. ವಾಣಿಜ್ಯದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಾಲ್ಕನೆಯದು ಇತಿಹಾಸವೋ ಸಂಖ್ಯಾಶಾಸ್ತ್ರವೋ ಕಂಪ್ಯೂಟರೋ ಬೇಸಿಕ್ ಮ್ಯಾಥ್ಸೋ ಆಗುತ್ತದೆ. ಕಲಾ ವಿಭಾಗದಲ್ಲಿ ಎಲ್ಲೆಡೆ ಕಾಣುವುದು ಎಚ್‌ಇಪಿಎಸ್: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಸಮಾಜಶಾಸ್ತ್ರದ ಜಾಗದಲ್ಲಿ ಭೂಗೋಳ, ಮನಃಶಾಸ್ತ್ರ, ಐಚ್ಛಿಕ ಕನ್ನಡ ಇರುವ ಕಾಲೇಜುಗಳೂ ಉಂಟು.

ಈಗ ವಿಷಯಕ್ಕೆ ಬರೋಣ. ಹದಿನಾರು ವರ್ಷದ ಮಗುವನ್ನು ಕೂರಿಸಿಕೊಂಡು ‘ಮುಂದೆ ಏನಾಗಬೇಕು ಅಂದ್ಕೊಂಡಿದ್ದೀಯ’ ಎಂದು ಕೇಳುವುದೇ ದಂಡ. ಅದಕ್ಕೆ ಗೊತ್ತಿರುವ ಕೆಲಸಗಳು ಡಾಕ್ಟರು, ಎಂಜಿನಿಯರು, ಟೀಚರು, ಪೊಲೀಸು. ಅದರಲ್ಲೊಂದನ್ನು ಹೇಳುತ್ತದೆ, ನಾವು ಅದನ್ನೇ ಹಿಡಿದುಕೊಂಡು ಅರ್ಜಿ ತುಂಬುತ್ತೇವೆ. ಇಷ್ಟು ಸಣ್ಣ ವಯಸ್ಸಿಗೆ ಉದ್ಯೋಗ ತೀರ್ಮಾನವಾಗಬೇಕಾಗಿಲ್ಲ. ತೀರ್ಮಾನವಾಗಬೇಕಾದದ್ದು ಬೇರೆ: ಈಗ ಯಾವ ವಿಷಯ ಕೈಬಿಟ್ಟರೆ ಮುಂದೆ ಯಾವ ಕೋರ್ಸು ಕೈತಪ್ಪುತ್ತದೆ, ಹಾಗೆ ತಪ್ಪಿದ್ದನ್ನು ಆಮೇಲೆ ಸರಿಪಡಿಸಿಕೊಳ್ಳಲು ದಾರಿ ಇದೆಯೇ. ಈ ಲೆಕ್ಕ ಹಾಕುತ್ತ ಹೋದರೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಮೂರು ಹಣೆಪಟ್ಟಿ ಅಷ್ಟೇನೂ ಮುಖ್ಯವಲ್ಲ ಅನ್ನಿಸುತ್ತದೆ. ಬಿಟ್ಟರೆ ನಿಜವಾಗಿ ಕಾಡುವ ವಿಷಯಗಳು ಮುಖ್ಯವಾಗಿ ಎರಡು, ಗಣಿತ ಮತ್ತು ಜೀವಶಾಸ್ತ್ರ. ಉಳಿದ ಬಹುಪಾಲು ವಿಷಯಗಳನ್ನು ಪಿಯುಸಿಯಲ್ಲಿ ಓದದಿದ್ದರೂ ಪದವಿಯಲ್ಲಿ ಹಿಡಿಯಬಹುದು.

ಗಣಿತದಿಂದ ಶುರುಮಾಡೋಣ. ಎಂಜಿನಿಯರಿಂಗಿಗೆ ಗಣಿತ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದು ಕೇಳುವ ಜಾಗಗಳು ಅಷ್ಟೇ ಅಲ್ಲ. ವಾಸ್ತುಶಿಲ್ಪದ ಬಿ.ಆರ್ಕ್. ಪದವಿಗೆ ನಾಟಾ ಪರೀಕ್ಷೆಯ ಜೊತೆಗೆ ಪಿಯುಸಿಯಲ್ಲಿ ಗಣಿತ ಓದಿರಬೇಕು. ಚಿತ್ರ ಚೆನ್ನಾಗಿ ಬರೆಯುತ್ತಾನೆ ಎಂದು ಆರ್ಟ್ಸ್‌ಗೆ ಸೇರಿಸಿ, ಎರಡು ವರ್ಷದ ನಂತರ ಆರ್ಕಿಟೆಕ್ಚರ್ ಕಾಲೇಜು ಹುಡುಕುವವರು ಸೋಲುವುದು ಇಲ್ಲಿಯೇ. ಎನ್‌ಡಿಎ ಮೂಲಕ ಭೂಸೇನೆಗೆ ಯಾವ ವಿಭಾಗದವರಾದರೂ ಅರ್ಜಿ ಹಾಕಬಹುದು, ಆದರೆ ವಾಯುಪಡೆಗೂ ನೌಕಾಪಡೆಗೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು. ಭೂಸೇನೆಯ ಅಭ್ಯರ್ಥಿ ಕೂಡ ಬರೆಯಬೇಕಾದ ಎನ್‌ಡಿಎ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ್ದೇ. ವಿಮಾನದ ಪೈಲಟ್ ಆಗಲು ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ ಎಂಬ ನಿಯಮ 1990ರ ದಶಕದಿಂದ ಬಂದಿದೆ. ಅದನ್ನು ಸಡಿಲಿಸುವ ಮಾತು ಕೇಳಿಬರುತ್ತಿದೆ, ಆದರೆ ಮಾತನ್ನು ನಂಬಿ ವಿಷಯ ಬಿಡುವುದು ಜಾಣತನವಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ಪಿಯುಸಿ ಮುಗಿಸಿದವರಿಗೂ ಪದವಿ ಕೋರ್ಸ್ ನಡೆಸುತ್ತಿದೆ. ಅಲ್ಲಿ ಜೀವವಿಜ್ಞಾನವನ್ನೇ ಮುಖ್ಯವಾಗಿ ಓದಬೇಕೆಂದಿದ್ದರೂ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಗಣಿತ ಬೇಡ, ಅದಕ್ಕೇ ಬಯಾಲಜಿ ತಗೊಂಡೆ ಅನ್ನುವ ಮಕ್ಕಳು ಇದನ್ನು ಒಮ್ಮೆ ಓದಬೇಕು. ಮೈಸೂರು ರಸ್ತೆಯಲ್ಲಿರುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬಿ.ಮ್ಯಾಥ್ ಕೋರ್ಸಿಗೆ ಗಣಿತ ಬೇಕು ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಾಗುವುದು ಅರ್ಥಶಾಸ್ತ್ರದ ವಿಚಾರದಲ್ಲಿ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್ ಪದವಿ ಬೇಕೆಂದರೆ ಪ್ರವೇಶ ಪರೀಕ್ಷೆಯಲ್ಲಿ ಗಣಿತವನ್ನು ಬರೆಯಲೇಬೇಕು. ನಮ್ಮ ಎಚ್‌ಇಪಿಎಸ್ ವಿದ್ಯಾರ್ಥಿ ಎರಡು ವರ್ಷ ಅರ್ಥಶಾಸ್ತ್ರ ಓದಿ, ಅದರಲ್ಲಿ ನೂರಕ್ಕೆ ನೂರು ತೆಗೆದರೂ ಆ ಸಾಲಿನಲ್ಲಿ ನಿಲ್ಲುವಂತಿಲ್ಲ. ಗಣಿತದ ಜೊತೆ ಓದಿದ ವಾಣಿಜ್ಯದ ಹುಡುಗ ನಿಲ್ಲಬಹುದು.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಸೈನ್ಸೋ ಕಾಮರ್ಸೋ ಅನ್ನುವುದಲ್ಲ. ಈ ಮಗು ಇನ್ನೆರಡು ವರ್ಷ ಗಣಿತ ಓದಬಲ್ಲದೇ, ಓದುತ್ತದೆಯೇ? ಹೌದು ಎಂದಾದರೆ ಯಾವ ವಿಭಾಗಕ್ಕೆ ಹೋದರೂ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಜೊತೆಗಿಟ್ಟುಕೊಳ್ಳಲಿ. ವಾಣಿಜ್ಯದಲ್ಲಿ ಇತಿಹಾಸದ ಬದಲು ಬೇಸಿಕ್ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರಿಗೆ ಸಿಎ ಫೌಂಡೇಷನ್‌ನ ಮೂರನೇ ಪತ್ರಿಕೆ ಎದುರಾದಾಗ ಅದರ ಬೆಲೆ ತಿಳಿಯುತ್ತದೆ.

ಜೀವಶಾಸ್ತ್ರದ ಕತೆ ಇನ್ನಷ್ಟು ನೇರ. ಎಂಬಿಬಿಎಸ್, ದಂತವೈದ್ಯ, ಆಯುರ್ವೇದ, ಹೋಮಿಯೋಪತಿ ಎಲ್ಲಕ್ಕೂ ನೀಟ್. ನೀಟ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಸಿಗುತ್ತದೆ ಎಂಬುದನ್ನು ಹಳ್ಳಿಯ ಶಾಲೆಗಳಲ್ಲಿ ಇನ್ನೂ ಎಷ್ಟೋ ಜನಕ್ಕೆ ಹೇಳಬೇಕಾಗಿದೆ. ದೇಶಾದ್ಯಂತ 20 ಲಕ್ಷಕ್ಕೂ ಹೆಚ್ಚು ಮಂದಿ ಬರೆಯುವ ಪರೀಕ್ಷೆ ಅದು. ಎಂಬಿಬಿಎಸ್ ಸೀಟು ಲಕ್ಷದ ಮೇಲಿದ್ದರೂ, ಅದರಲ್ಲಿ ಸರ್ಕಾರಿ ಶುಲ್ಕಕ್ಕೆ ಸಿಗುವುದು ಒಂದು ಭಾಗ ಮಾತ್ರ. ಬಯಾಲಜಿ ತೆಗೆದುಕೊಂಡ ಮಾತ್ರಕ್ಕೆ ಡಾಕ್ಟರೇ ಆಗಬೇಕು, ಆಗದಿದ್ದರೆ ಎಲ್ಲ ವ್ಯರ್ಥ ಎಂಬ ಮನಸ್ಥಿತಿಯಲ್ಲಿ ಎರಡು ವರ್ಷ ಕಳೆಯುವ ಮನೆಗಳನ್ನು ನೋಡಿದರೆ ಸಂಕಟವಾಗುತ್ತದೆ. ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ತಂತ್ರಜ್ಞಾನ, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯ ಕೋರ್ಸ್‌ಗಳು, ಪಶುವೈದ್ಯ, ಕೃಷಿ, ತೋಟಗಾರಿಕೆ ಇವೆಲ್ಲ ಅದೇ ಪುಸ್ತಕದ ಮೇಲೆ ನಿಂತಿವೆ. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿವಿಗಳು, ಬಾಗಲಕೋಟೆಯ ತೋಟಗಾರಿಕಾ ವಿವಿ, ಬೀದರಿನ ಪಶುವೈದ್ಯಕೀಯ ವಿವಿ ಸೇರಿ ಒಂದು ದೊಡ್ಡ ಲೋಕವೇ ಇದೆ. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆಂದೇ ಕೋಟಾ ಇದೆ, ಅದಕ್ಕೆ ಗದ್ದೆ ತೋಟದ ತಿಳಿವಳಿಕೆ ಅಳೆಯುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಕಾಳು ನೋಡಿ ಬೆಳೆಯ ಹೆಸರು ಹೇಳುವುದು ಊರ ಹುಡುಗಿಗೆ ಸುಲಭ, ಅಪಾರ್ಟ್‌ಮೆಂಟಿನ ಹುಡುಗಿ ಅದಕ್ಕೆ ಕೋಚಿಂಗ್ ಹುಡುಕಬೇಕು.

ಬಿ.ಫಾರ್ಮಾಗೆ ಮಾತ್ರ ಜೀವಶಾಸ್ತ್ರವೇ ಬೇಕೆಂದಿಲ್ಲ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಜೊತೆ ಗಣಿತವಿದ್ದರೂ ನಡೆಯುತ್ತದೆ. ಎಎನ್‌ಎಂ, ಜಿಎನ್‌ಎಂ ನರ್ಸಿಂಗ್ ತರಬೇತಿಗೆ ಕಲಾ ವಿಭಾಗದವರೂ ಹೋಗಬಹುದು.

ಜೀವಶಾಸ್ತ್ರ ಬಿಟ್ಟವರಿಗೆ 2023ರವರೆಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಸಡಿಲಿಸಿತು. ಹನ್ನೆರಡನೇ ತರಗತಿ ಮುಗಿಸಿದ ಮೇಲೆ ಮಾನ್ಯ ಮಂಡಳಿಯೊಂದರಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ಈಗ ನೀಟ್ ಬರೆಯಬಹುದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೀಗೆ ಬಿಡಿ ವಿಷಯ ಕಟ್ಟಿ ಬರೆಯಲು ಅವಕಾಶವಿದೆ. ದಾರಿ ಇದೆ ಎಂದು ಗೊತ್ತಿರಲಿ, ಆದರೆ ಅದು ಸುತ್ತುದಾರಿ. ಒಂದು ವರ್ಷವನ್ನಂತೂ ತಿನ್ನುತ್ತದೆ.

ಇಲ್ಲಿ ಒಂದು ದೊಡ್ಡ ತಪ್ಪುಕಲ್ಪನೆಯನ್ನು ಒಡೆಯಬೇಕು. ‘ಮಗನನ್ನು ಕಂಪ್ಯೂಟರ್ ಎಂಜಿನಿಯರ್ ಮಾಡಬೇಕು, ಅದಕ್ಕೆ ಪಿಸಿಎಂಸಿಯೇ ಬೇಕು, ಈ ಕಾಲೇಜಲ್ಲಿ ಪಿಸಿಎಂಬಿ ಮಾತ್ರ ಇದೆಯಂತೆ’ ಎಂದು ತಾಲ್ಲೂಕಿನ ಸರ್ಕಾರಿ ಕಾಲೇಜು ಬಿಟ್ಟು, ಲಕ್ಷ ರೂಪಾಯಿ ಸುರಿದು ಜಿಲ್ಲಾ ಕೇಂದ್ರದ ಖಾಸಗಿ ಕಾಲೇಜಿಗೆ ಮಗನನ್ನು ಹಾಕುವವರಿದ್ದಾರೆ. ಎಂಜಿನಿಯರಿಂಗ್‌ನ ಕಂಪ್ಯೂಟರ್ ಸೈನ್ಸ್ ಶಾಖೆಗೆ ಪಿಯುಸಿಯಲ್ಲಿ ಕಂಪ್ಯೂಟರ್ ಓದಿರಬೇಕು ಎಂಬ ನಿಯಮ ಇಲ್ಲ. ಕಪ್ಪೆಯ ಜೀರ್ಣಾಂಗ ಓದಿದ ಹುಡುಗನಿಗೂ ಆ ಸೀಟು ಸಿಗುತ್ತದೆ, ಪೈಥಾನ್ ಓದಿದ ಹುಡುಗಿಗೆ ಸಿವಿಲ್ಲೂ ಸಿಗಬಹುದು. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕಕ್ಕೆ ಬರುವುದು ಭೌತ, ರಸಾಯನ, ಗಣಿತ ಮಾತ್ರ. ನಾಲ್ಕನೆಯ ವಿಷಯ ಅಲ್ಲಿ ತೂಕಕ್ಕೇ ಇಲ್ಲ.

ಆ ರ‍್ಯಾಂಕ್ ಹೇಗೆ ಬರುತ್ತದೆ ಎಂದು ಕಾಗದದ ಮೇಲೆ ಒಮ್ಮೆ ಹಾಕಿ ನೋಡಿದರೆ ಎರಡು ವರ್ಷ ಹೇಗೆ ಓದಬೇಕು ಎನ್ನುವುದೂ ತಿಳಿಯುತ್ತದೆ. ಪಿಯುಸಿಯ ಮೂರು ವಿಷಯಗಳ 300 ಅಂಕಕ್ಕೆ ಅರ್ಧ ತೂಕ, ಸಿಇಟಿಯ ಮೂರು ಪತ್ರಿಕೆಗಳ 180 ಅಂಕಕ್ಕೆ ಇನ್ನರ್ಧ ತೂಕ. ಒಬ್ಬಳಿಗೆ ಪಿಯುಸಿಯಲ್ಲಿ 285, ಅಂದರೆ ಶೇ 95. ಸಿಇಟಿಯಲ್ಲಿ 81, ಅಂದರೆ ಶೇ 45. ಸರಾಸರಿ 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240, ಶೇ 80. ಸಿಇಟಿಯಲ್ಲಿ 117, ಶೇ 65. ಸರಾಸರಿ 72.5. ಎರಡನೆಯವನು ಮುಂದೆ. ಈಗ ಮೂರನೆಯವನನ್ನು ತನ್ನಿ. ಕೋಚಿಂಗ್ ಇದೆಯಲ್ಲ ಎಂದು ಪಿಯು ಪರೀಕ್ಷೆಯನ್ನು ಉಡಾಫೆ ಮಾಡಿದವನು: ಸಿಇಟಿಯಲ್ಲಿ ಅದೇ 117, ಆದರೆ ಪಿಯುಸಿಯಲ್ಲಿ 195. ಸರಾಸರಿ 65ಕ್ಕೆ ಇಳಿಯಿತು, ಮೊದಲನೆಯವಳಿಗಿಂತಲೂ ಹಿಂದೆ. ಬೋರ್ಡ್ ಪರೀಕ್ಷೆಯ ಅಂಕಕ್ಕೆ ಈ ತೂಕ ಇರುವುದರಿಂದಲೇ, ಕೋವಿಡ್ ಕಾಲದಲ್ಲಿ ಪರೀಕ್ಷೆಯಿಲ್ಲದೆ ಪಾಸಾದ 2021ರ ತಂಡದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಪರಿಗಣಿಸಬೇಕೇ ಬೇಡವೇ ಎಂಬ ಜಗಳ ಹೈಕೋರ್ಟಿನವರೆಗೆ ಹೋಯಿತು. 2024ರಿಂದ ಪಿಯು ಪರೀಕ್ಷೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದ್ದು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು ಎನ್ನುವುದು ಸಣ್ಣ ಸಮಾಧಾನ.

ಭಾಷೆಯ ಅಂಕ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ, ಗಮನಿಸಿದಿರಾ? ಹತ್ತನೆಯ ತರಗತಿವರೆಗೆ ಕನ್ನಡ ಓದಿದ ಮಗುವನ್ನು ‘ಸ್ಕೋರಿಂಗ್’ ಎಂಬ ಕಾರಣಕ್ಕೆ ಸಂಸ್ಕೃತಕ್ಕೋ ಫ್ರೆಂಚಿಗೋ ದಾಟಿಸುವ ಪರಿಪಾಠವಿದೆ. ಸಂಸ್ಕೃತದ ಮೇಲಿನ ಪ್ರೀತಿಯಿಂದ ತೆಗೆದುಕೊಂಡರೆ ಕೈಮುಗಿಯುತ್ತೇನೆ. ನೂರಕ್ಕೆ ನೂರು ಬೀಳುತ್ತದೆಂದು ತೆಗೆದುಕೊಂಡರೆ, ಆ ನೂರು ಕಾಲೇಜಿನ ಫ್ಲೆಕ್ಸಿನಲ್ಲಿ ನಿಮ್ಮ ಮಗನ ಫೋಟೊದ ಕೆಳಗೆ 600ಕ್ಕೆ ಇಷ್ಟು ಎಂದು ಹಾಕಲು ಬಂತೇ ಹೊರತು ಸಿಇಟಿಗೂ ಬರಲಿಲ್ಲ, ನೀಟ್‌ಗೂ ಬರಲಿಲ್ಲ.

‘ಸೈನ್ಸ್ ತಗೊಂಡ್ರೆ ಎಲ್ಲಾ ಕಡೆಗೂ ಹೋಗಬಹುದು, ಆರ್ಟ್ಸ್ ತಗೊಂಡ್ರೆ ಸೈನ್ಸ್‌ಗೆ ಬರಕ್ಕಾಗಲ್ಲ.’ ಅಡ್ಮಿಷನ್ ದಿನಗಳಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು. ನಿಯಮದ ಪ್ರಕಾರ ನಿಜ. ಪಿಸಿಎಂಬಿ ಓದಿದವಳು ಬಿಕಾಂಗೂ ಹೋಗಬಹುದು, ಬಿಎಗೂ ಹೋಗಬಹುದು, ಐದು ವರ್ಷದ ಕಾನೂನಿಗೂ ಸೇರಬಹುದು. ಎಚ್‌ಇಪಿಎಸ್ ಓದಿದವಳಿಗೆ ಬಿಎಸ್ಸಿ ಭೌತಶಾಸ್ತ್ರ ಸಿಗುವುದಿಲ್ಲ. ಆದರೆ ಈ ಮಾತು ಅರ್ಧ ಸತ್ಯ. ಬಾಗಿಲು ತೆರೆದಿದೆ ಎಂದು ನಿಯಮ ಹೇಳುತ್ತದೆ, ಒಳಗೆ ಬಿಡುವುದು ಅಂಕ. ಪಿಸಿಎಂಬಿಯಲ್ಲಿ ತಿಣುಕಿ ಶೇ 42 ತೆಗೆದ ಸಾಮಾನ್ಯ ವರ್ಗದ ವಿದ್ಯಾರ್ಥಿಗೆ ಎಂಜಿನಿಯರಿಂಗಿನ ಶೇ 45ರ ಕನಿಷ್ಠ ಅರ್ಹತೆಯೂ ದಕ್ಕುವುದಿಲ್ಲ, ವೈದ್ಯಕೀಯದ ಶೇ 50 ಇನ್ನೂ ದೂರ, ಒಳ್ಳೆಯ ಬಿಕಾಂ ಕಾಲೇಜಿನ ಮೆರಿಟ್ ಪಟ್ಟಿಯಲ್ಲೂ ಹೆಸರು ಬರುವುದಿಲ್ಲ. ಅದೇ ಮಗು ಇಷ್ಟಪಟ್ಟು ಕಲಾ ವಿಭಾಗದಲ್ಲಿ ಶೇ 85 ತೆಗೆದಿದ್ದರೆ ಅದಕ್ಕೆ ಸಿಗುತ್ತಿದ್ದ ಕಾಲೇಜುಗಳೇ ಬೇರೆ. ಎಲ್ಲ ಬಾಗಿಲೂ ತೆರೆದಿರಲಿ ಎಂದು ಹೊರಟು ಯಾವ ಬಾಗಿಲಿಗೂ ಸಲ್ಲದೆ ನಿಂತವರ ಸಂಖ್ಯೆ ಕಡಿಮೆಯಿಲ್ಲ.

ತಿಣುಕಾಟ ಶುರುವಾಗುವ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಪ್ರಥಮ ಪಿಯು ಭೌತಶಾಸ್ತ್ರದ ಎರಡನೇ ಅಧ್ಯಾಯ, ಸರಳರೇಖೆಯಲ್ಲಿ ಚಲನೆ. ಹತ್ತನೆಯ ತರಗತಿಯವರೆಗೆ ವೇಗವೆಂದರೆ ದೂರ ಭಾಗಿಸು ಕಾಲ. ಇಲ್ಲಿ ಒಂದೇ ಒಂದು ಕ್ಷಣದಲ್ಲಿ ವೇಗವೆಷ್ಟು ಎಂಬ ಪ್ರಶ್ನೆ ಬರುತ್ತದೆ, ಉತ್ತರಕ್ಕೆ ಬೋರ್ಡಿನ ಮೇಲೆ ಡಿಎಕ್ಸ್ ಬೈ ಡಿಟಿ ಬೀಳುತ್ತದೆ. ಅದು ಅವಕಲನ. ಅವಕಲನವನ್ನು ಕಲಿಸುವುದು ಗಣಿತದ ಪುಸ್ತಕ, ಆ ಪುಸ್ತಕದಲ್ಲಿ ಆ ಪಾಠ ಇರುವುದು ಕೊನೆಯ ಭಾಗದಲ್ಲಿ, ಹನ್ನೆರಡನೇ ಅಧ್ಯಾಯವಾಗಿ. ಅಂದರೆ ಜೂನ್ ಜುಲೈನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಬಳಸುವ ಸಲಕರಣೆಯನ್ನು ಗಣಿತದ ಮೇಷ್ಟ್ರು ಕೈಗೆ ಕೊಡುವುದು ಎಷ್ಟೋ ತಿಂಗಳ ನಂತರ. ಒಳ್ಳೆಯ ಉಪನ್ಯಾಸಕರು ಇದನ್ನು ಅರಿತು ಮೊದಲ ವಾರಗಳಲ್ಲೇ ನಾಲ್ಕು ತರಗತಿ ತೆಗೆದು ಅಷ್ಟು ಗಣಿತವನ್ನು ತಾವೇ ಹೇಳಿಕೊಡುತ್ತಾರೆ. ಹಾಗೆ ಮಾಡದ ಕಡೆ, ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 95 ತೆಗೆದ ಮಗು ನೋಟ್ಸನ್ನು ಅಕ್ಷರ ಬಿಡದೆ ಬರೆದುಕೊಂಡು, ಒಂದಕ್ಷರ ಅರ್ಥವಾಗದೆ ಮನೆಗೆ ಬರುತ್ತದೆ. ಕನ್ನಡ ಮಾಧ್ಯಮದಿಂದ ಬಂದಿದ್ದರೆ ಇಂಗ್ಲಿಷಿನ ಹೊರೆ ಬೇರೆ. ತನಗೆ ಬುದ್ಧಿ ಸಾಲದು ಎಂದುಕೊಳ್ಳುತ್ತದೆ. ಸಾಲದ್ದು ಬುದ್ಧಿಯಲ್ಲ, ಆ ನಾಲ್ಕು ತರಗತಿ.

ವಾಣಿಜ್ಯದಲ್ಲಿ ಇಂಥ ಗೋಡೆ ಇಲ್ಲ, ಯಾಕೆಂದರೆ ಲೆಕ್ಕಶಾಸ್ತ್ರ ಎಲ್ಲರಿಗೂ ಹೊಸದು. 625ಕ್ಕೆ 600 ತೆಗೆದವರೂ 350 ತೆಗೆದವರೂ ಒಂದೇ ಗೆರೆಯಿಂದ ಓಟ ಶುರುಮಾಡುತ್ತಾರೆ. ಮೊದಲ ಪಾಠವೇ ವಿಚಿತ್ರ. ರಮೇಶ ಎಂಬುವನು 50,000 ರೂಪಾಯಿ ಹಾಕಿ ಕಿರಾಣಿ ಅಂಗಡಿ ಶುರುಮಾಡಿದ ಎಂದಿಟ್ಟುಕೊಳ್ಳಿ. ಅಂಗಡಿಯ ಪುಸ್ತಕದಲ್ಲಿ ನಗದು ಖಾತೆಗೆ ಡೆಬಿಟ್, ಬಂಡವಾಳ ಖಾತೆಗೆ ಕ್ರೆಡಿಟ್. ದುಡ್ಡು ಹಾಕಿದವನು ರಮೇಶ, ಅಂಗಡಿ ಅವನದೇ, ಆದರೂ ಅಂಗಡಿ ಅವನಿಗೆ ಸಾಲಗಾರ! ಮಾಲೀಕ ಬೇರೆ, ವ್ಯವಹಾರ ಬೇರೆ ಎಂಬ ಈ ಒಂದು ಯೋಚನೆ ಹೊಳೆದ ಮಗುವಿಗೆ ಮುಂದಿನ ಎರಡು ವರ್ಷ ಸಲೀಸು. ಹೊಳೆಯದವರು ಬಾಯಿಪಾಠ ಮಾಡಿ ಪಿಯುಸಿ ದಾಟುತ್ತಾರೆ, ಸಿಎ ಇಂಟರ್‌ಮೀಡಿಯೆಟ್‌ನಲ್ಲಿ ಸಿಕ್ಕಿಬೀಳುತ್ತಾರೆ.

ಸಿಎ ಬಗ್ಗೆ ಎರಡು ಮಾತು. ಫೌಂಡೇಷನ್ ಪರೀಕ್ಷೆಗೆ ಯಾವ ವಿಭಾಗದಿಂದ ಪಿಯುಸಿ ಮುಗಿಸಿದವರಾದರೂ ಕೂರಬಹುದು, ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ನಾಲ್ಕು ಪತ್ರಿಕೆ, ಪ್ರತಿಯೊಂದರಲ್ಲೂ ಶೇ 40, ಒಟ್ಟಾರೆ ಶೇ 50 ಬರಬೇಕು. ಪದವಿ ಮುಗಿಸಿ ಬಂದರೆ ಫೌಂಡೇಷನ್ ಬಿಟ್ಟು ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು, ವಾಣಿಜ್ಯ ಪದವೀಧರರಿಗೆ ಶೇ 55, ಉಳಿದವರಿಗೆ ಶೇ 60 ಇದ್ದರೆ ಸಾಕು. ಎಂಜಿನಿಯರಿಂಗಿಗೆ ಹೋಲಿಸಿದರೆ ಖರ್ಚು ಎಷ್ಟೋ ಕಡಿಮೆ, ಸೀಟಿನ ಗೊಡವೆಯೇ ಇಲ್ಲ. ಹಟ ಇರುವ, ಕೈಯಲ್ಲಿ ಕಾಸಿಲ್ಲದ ಮನೆಯ ಮಗುವಿಗೆ ಇದಕ್ಕಿಂತ ನ್ಯಾಯವಾದ ವೃತ್ತಿಪರೀಕ್ಷೆ ನನಗೆ ಗೊತ್ತಿಲ್ಲ. ಬಿಸಿಎ ವಿಚಾರ ಮಾತ್ರ ಕಾಲೇಜಿನಿಂದ ಕಾಲೇಜಿಗೆ ಬೇರೆ, ಕೆಲವರು ಗಣಿತ ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ಸೇರಬೇಕೆಂದಿರುವ ಕಾಲೇಜಿನಲ್ಲಿ ಈಗಲೇ ವಿಚಾರಿಸಿಕೊಳ್ಳಿ.

ಕಲಾ ವಿಭಾಗವನ್ನು ಕೊನೆಗೆ ಉಳಿದವರ ಕೊಠಡಿ ಮಾಡಿದ್ದು ನಾವೇ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲಾಟ್ ಬರೆದು ಹೋಗುವವರಿಗೆ ಪಿಯುಸಿಯಲ್ಲಿ ಯಾವ ವಿಷಯ ಎಂಬ ಷರತ್ತಿಲ್ಲ. ಅಲ್ಲಿ ಅಳೆಯುವುದು ಓದಿ ಅರ್ಥಮಾಡಿಕೊಳ್ಳುವ, ತರ್ಕಿಸುವ ಶಕ್ತಿಯನ್ನು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳ ಐದು ವರ್ಷದ ಕೋರ್ಸೂ ಎಲ್ಲ ವಿಭಾಗದವರಿಗೂ ತೆರೆದಿದೆ. ಶಿಕ್ಷಕರಾಗಬೇಕೆನ್ನುವವರಿಗೆ ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ನಾಲ್ಕು ವರ್ಷದ ಸಂಯೋಜಿತ ಬಿಎ ಬಿಎಡ್, ಬಿಎಸ್ಸಿ ಬಿಎಡ್ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಪದವಿ, ಆಮೇಲೆ ಬೇರೆಯಾಗಿ ಬಿಎಡ್ ಎನ್ನುವ ಮಾಮೂಲಿ ದಾರಿಗಿಂತ ಒಂದು ವರ್ಷ ಉಳಿಯುತ್ತದೆ. ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ, ನಿಫ್ಟ್‌ನ ವಿನ್ಯಾಸ ಪದವಿ, ಹೋಟೆಲ್ ಮ್ಯಾನೇಜ್‌ಮೆಂಟ್ ಎಲ್ಲಕ್ಕೂ ಕಲಾ ವಿಭಾಗದಿಂದ ಹೋಗಬಹುದು. ಮನಃಶಾಸ್ತ್ರವನ್ನು ಪಿಯುಸಿಯಲ್ಲಿ ಓದದಿದ್ದರೂ ಪದವಿಯಲ್ಲಿ ಹಿಡಿಯಬಹುದು. ಐಎಎಸ್ಸಿಗೆ ಆರ್ಟ್ಸೇ ಬೇಕು ಎನ್ನುವುದೂ ಸುಳ್ಳು, ಯಾವ ಪದವಿಯಾದರೂ ನಡೆಯುತ್ತದೆ. ಆದರೆ ಹದಿನಾರನೇ ವಯಸ್ಸಿನಲ್ಲೇ ಇತಿಹಾಸ, ಸಂವಿಧಾನ ಓದುವ ರುಚಿ ಹತ್ತಿದವರಿಗೆ ಆ ಪಠ್ಯ ಆಮೇಲೆ ಹೊರೆಯಾಗುವುದಿಲ್ಲ. ಕಲಾ ವಿಭಾಗದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು ಎನ್ನುವುದು ಸಣ್ಣ ಸಂಗತಿಯಲ್ಲ; ತನ್ನ ಭಾಷೆಯಲ್ಲಿ ಎರಡು ಪುಟ ವಾದ ಕಟ್ಟಲು ಕಲಿತವಳು ಇಂಗ್ಲಿಷನ್ನು ಆಮೇಲೂ ಕಲಿಯುತ್ತಾಳೆ.

ಪಿಯುಸಿಯೇ ಬೇಡ ಎನ್ನುವವರನ್ನೂ ಮರೆಯಬಾರದು. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಸೇರುತ್ತಾರೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿ ಈಗ ರಾಜ್ಯದ ಹಲವು ಊರುಗಳಲ್ಲಿದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಯಂತ್ರ ಬಿಚ್ಚಿ ಜೋಡಿಸುವ ಚಪಲವಿರುವ, ಪುಸ್ತಕ ಕಂಡರೆ ಆಕಳಿಸುವ ಹುಡುಗನನ್ನು ಪಿಸಿಎಂಬಿಗೆ ತಳ್ಳುವ ಮೊದಲು ಆ ವರ್ಕ್‌ಶಾಪ್ ಒಮ್ಮೆ ತೋರಿಸಿ ಕರೆತನ್ನಿ.

ಇಷ್ಟೆಲ್ಲ ಹೇಳಿದ ಮೇಲೂ, ಆಯ್ಕೆ ಮಾಡುವುದು ಎಷ್ಟೋ ಕಡೆ ಮಗುವೂ ಅಲ್ಲ, ಅಪ್ಪ ಅಮ್ಮನೂ ಅಲ್ಲ, ಬಸ್ಸು. ಊರಿನಿಂದ ಹೋಗಿಬರುವಷ್ಟು ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ಮತ್ತು ಕಾಮರ್ಸ್ ಮಾತ್ರ ಇದ್ದರೆ ಹುಡುಗಿಗೆ ಅವೆರಡೇ ಗತಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ಕಾಟ ತಪ್ಪಿತು, ನಿಜ. ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಊರಿಗೆ ಹೋಗುವ ಕೊನೆಯ ಬಸ್ಸು ಹೊರಟಿರುತ್ತದೆ ಎನ್ನುವ ತಾಪತ್ರಯ ಹಾಗೇ ಇದೆ. ವಿಜ್ಞಾನ ಬೇಕೇ ಬೇಕು ಅನ್ನುವ ಹುಡುಗಿಗೆ ಕಾಂಬಿನೇಷನ್‌ಗಿಂತ ಮೊದಲು ಹಾಸ್ಟೆಲ್ ಅರ್ಜಿ ಹಾಕಬೇಕು. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳ ಅರ್ಜಿ ಯಾವಾಗ ಕರೆಯುತ್ತಾರೆ ಎಂಬುದರ ಮೇಲೆ ಕಣ್ಣಿಟ್ಟಿರಿ.

ಹಾಗಾದರೆ ನಿರ್ಧಾರ ಹೇಗೆ? ಆಪ್ಟಿಟ್ಯೂಡ್ ಟೆಸ್ಟು, ಕೌನ್ಸೆಲಿಂಗು ಎಂದು ದುಡ್ಡು ಕಟ್ಟುವ ಮೊದಲು ಪುಕ್ಕಟೆ ದಾರಿ ಒಂದಿದೆ. ಕಳೆದ ವರ್ಷ ಪ್ರಥಮ ಪಿಯು ಮುಗಿಸಿದವರು ಬೀದಿಗೊಬ್ಬರಾದರೂ ಇರುತ್ತಾರೆ. ಅವರ ಹಳೆಯ ಪುಸ್ತಕ ತಂದು ಬೇಸಿಗೆ ರಜೆಯಲ್ಲಿ ಮಗುವಿನ ಮುಂದಿಡಿ. ಭೌತಶಾಸ್ತ್ರದ ಮೊದಲೆರಡು ಅಧ್ಯಾಯ, ಲೆಕ್ಕಶಾಸ್ತ್ರದ ಮೊದಲೆರಡು ಅಧ್ಯಾಯ, ಇತಿಹಾಸದ ಯಾವುದಾದರೂ ಒಂದು ಪಾಠ. ಯಾರೂ ಪಾಠ ಹೇಳದೆ ಪೂರ್ತಿ ಅರ್ಥವಾಗಬೇಕಿಲ್ಲ. ಅರ್ಥವಾಗದ ಕಡೆ ಬಂದು ಪ್ರಶ್ನೆ ಕೇಳುತ್ತದೋ, ಪುಸ್ತಕ ಮುಚ್ಚಿಟ್ಟು ಮೊಬೈಲ್ ತೆಗೆಯುತ್ತದೋ ನೋಡಿ. ಅಂಕಪಟ್ಟಿ ಹೇಳದ ಎಷ್ಟೋ ಸಂಗತಿ ಒಂದು ವಾರದಲ್ಲಿ ಗೊತ್ತಾಗುತ್ತದೆ.

ಅರ್ಜಿ ತೆಗೆದುಕೊಳ್ಳಲು ಹೋದಾಗ ಫೀಸೆಷ್ಟು, ಯೂನಿಫಾರ್ಮ್ ಯಾವುದು ಎಂದಷ್ಟೇ ಕೇಳಿ ಬರಬೇಡಿ. ಪ್ರಾಸ್ಪೆಕ್ಟಸ್ಸಿನಲ್ಲಿ ಅಚ್ಚಾಗಿರುವ ಕಾಂಬಿನೇಷನ್‌ಗಳಲ್ಲಿ ಕಳೆದ ವರ್ಷ ನಿಜವಾಗಿ ನಡೆದದ್ದು ಯಾವುದು, ಗಣಿತಕ್ಕೂ ಭೌತಶಾಸ್ತ್ರಕ್ಕೂ ಕಾಯಂ ಉಪನ್ಯಾಸಕರಿದ್ದಾರೋ ಅತಿಥಿ ಉಪನ್ಯಾಸಕರೋ, ಅವರು ಯಾವ ತಿಂಗಳಲ್ಲಿ ಬರುತ್ತಾರೆ, ಲ್ಯಾಬ್ ಬಾಗಿಲು ತೆಗೆಯುತ್ತಾರೋ ಇಲ್ಲವೋ ಕೇಳಿ. ವಿಜ್ಞಾನದ ವಿಷಯಗಳಲ್ಲಿ 100ಕ್ಕೆ 30 ಅಂಕ ಪ್ರಾಕ್ಟಿಕಲ್‌ನದು. ಉತ್ತರ ಆಫೀಸಿನ ಕಿಟಕಿಯಲ್ಲಿ ಸಿಗದಿದ್ದರೆ ಗೇಟಿನ ಹೊರಗೆ ನಿಂತಿರುವ ದ್ವಿತೀಯ ಪಿಯು ಮಕ್ಕಳನ್ನು ಕೇಳಿ, ಅವರು ಸುಳ್ಳು ಹೇಳುವುದಿಲ್ಲ. ಸೇರಿದ ಮೇಲೆ ಇದು ನನ್ನಿಂದಾಗದು ಅನ್ನಿಸಿದರೆ, ಬೇರೆ ಕಾಂಬಿನೇಷನ್‌ನಲ್ಲಿ ಸೀಟಿದ್ದಲ್ಲಿ ಬದಲಿಸಿಕೊಡಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಕೊಡಬಹುದು, ಆದರೆ ತರಗತಿ ಶುರುವಾದ ಮೊದಲ ಕೆಲವು ವಾರಗಳಲ್ಲೇ ಕೊಡಬೇಕು. ವಿವರಗಳೆಲ್ಲ ಇಲಾಖೆಗೆ ಹೋದ ಮೇಲೆ ಓಡಾಟ ಜಾಸ್ತಿ, ಫಲ ಕಡಿಮೆ. ಅಷ್ಟರಲ್ಲಿ ಭೌತಶಾಸ್ತ್ರದ ಎರಡನೇ ಅಧ್ಯಾಯ ಹೇಗೂ ಬಂದಿರುತ್ತದೆ.